ಲೈಟ್ ‘ಓಪನ್’ ಆಗಲ್ಲ: ಚೀನೀ ಮಾತಾಡುವವರಿಗೆ ಒಂದು ಇಂಗ್ಲಿಷ್ ಪದ ಕಲಿಸುವ ಬಗೆ

‘ಓಪನ್ ದ ಲೈಟ್.’ ಚೀನೀ ಮನೆಮಾತಿನವರಿಗೆ ಇಂಗ್ಲಿಷ್ ಹೇಳಿಕೊಡುವ ಯಾರನ್ನೇ ಕೇಳಿ, ಈ ವಾಕ್ಯ ಕೇಳಿ ಕೇಳಿ ಅವರ ಕಿವಿ ತೂತಾಗಿರುತ್ತದೆ. ಸಿಂಗಪುರದಲ್ಲಿ ಪಕ್ಕದ ಮನೆಯವರಿಗೆ ಹೇಳಿಕೊಡುವ ನಮ್ಮವರು, ಸಂಜೆ ಆನ್‌ಲೈನ್ ಪಾಠ ಮಾಡುವವರು, ಶೆನ್‌ಜೆನ್ ಫ್ಯಾಕ್ಟರಿಯ ಜತೆ ದಿನಾ ಕಾಲ್‌ನಲ್ಲಿ ಕೂರುವ ಬೆಂಗಳೂರಿನ ಇಂಜಿನಿಯರುಗಳು, ಎಲ್ಲರ ದೂರೂ ಒಂದೇ: ‘ಹತ್ತು ಸಲ ತಿದ್ದಿದೆ, ಹನ್ನೊಂದನೇ ಸಲವೂ ಲೈಟನ್ನ ಓಪನ್ ಮಾಡ್ತಾರೆ.’

ನಾನೂ ಹಾಗೇ ತಿದ್ದುತ್ತಿದ್ದೆ. ಪದದ ಅರ್ಥ ಹೇಳುವುದು, ತಪ್ಪಿದಾಗ ಮತ್ತೆ ಅರ್ಥ ಹೇಳುವುದು. ಅದು ಹಿಡಿಯಲಿಲ್ಲ. ಪಾಠವನ್ನು ಅರ್ಥದಿಂದ ಶುರುಮಾಡದೆ ವಸ್ತುಗಳಿಂದ ಶುರುಮಾಡಿದ ಮೇಲೆ ದಾರಿಗೆ ಬಂತು. ಆ ಕ್ರಮ ಕೆಳಗಿದೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ, ಮುಖ್ಯವಾಗಿ ಎರಡನೆಯದನ್ನು ಹಾರಿಸಿ ಮೂರನೆಯದಕ್ಕೆ ಹೋಗಬೇಡಿ.

## ಮೊದಲು ಕೈಗೆ ಬೇಕಾದ್ದು

ಸುಮಾರು ಮೂವತ್ತು ಖಾಲಿ ಚೀಟಿ, ಮೂರು ಡಬ್ಬಿ. ಒಂದು ಇಂಗ್ಲಿಷ್-ಇಂಗ್ಲಿಷ್ ಕಲಿಕೆಯ ನಿಘಂಟು: ಆಕ್ಸ್‌ಫರ್ಡ್, ಲಾಂಗ್‌ಮನ್, ಕೇಂಬ್ರಿಜ್, ಯಾವುದಾದರೂ ಸರಿ, ಮೂರೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಿಮ್ಮ ಫೋನಿಗೆ ಪ್ಲೆಕೋ ಆ್ಯಪ್ ಹಾಕಿಕೊಳ್ಳಿ. ಅದು ಚೀನೀ-ಇಂಗ್ಲಿಷ್ ನಿಘಂಟು. ಅದು ನಿಮಗಾಗಿ, ಕಲಿಯುವವರಿಗಲ್ಲ. ಪಾಠ ನಡೆಯುವ ಕೋಣೆಯಲ್ಲಿ ಬಾಗಿಲು, ಸ್ವಿಚ್ಚು, ಬಾಟಲಿ, ಲ್ಯಾಪ್‌ಟಾಪ್ ಇದ್ದರೆ ಸಾಕು.

ಪದಗಳ ಪಟ್ಟಿಯ ಪುಸ್ತಕ ಬೇಡ. ಚೀನಾದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಅಂಥ ಪುಸ್ತಕ ಉರುಹೊಡೆದೇ ಬಂದಿರುತ್ತಾರೆ. ಅಕಾರಾದಿಯ ಆ ಪಟ್ಟಿಗಳಲ್ಲಿ ಮೊದಲಿಗೇ ಸಿಗುವ ಪದ ‘ಅಬ್ಯಾಂಡನ್’, ಅಂದರೆ ಕೈಬಿಡು. ಎಷ್ಟೋ ಜನ ಅಲ್ಲಿಗೇ ಕೈಬಿಟ್ಟೆವು ಅಂತ ಅವರೇ ತಮಾಷೆ ಮಾಡಿಕೊಳ್ಳುತ್ತಾರೆ.

## ಹಂತ 1: ಅವರ ‘ಖಾಯ್’ ಏನೆಂದು ನೀವು ತಿಳಿದುಕೊಳ್ಳಿ

ಚೀನೀಯಲ್ಲಿ, ಅಂದರೆ ಅಲ್ಲಿನ ಮುಖ್ಯ ಭಾಷೆಯಾದ ಮ್ಯಾಂಡರಿನ್‌ನಲ್ಲಿ, ‘ಖಾಯ್’ ಅಂತ ಒಂದು ಕ್ರಿಯಾಪದ ಇದೆ. ಬಾಗಿಲು ತೆಗೆಯುವುದು ಖಾಯ್ ಮನ್. ಲೈಟ್ ಹಾಕುವುದು ಖಾಯ್ ತಂಗ್. ಕಾರು ಓಡಿಸುವುದು ಖಾಯ್ ಛ. ಮೀಟಿಂಗ್ ನಡೆಸುವುದು ಖಾಯ್ ಹ್ವೇ. ಡಾಕ್ಟರು ಔಷಧಿ ಬರೆದುಕೊಡುವುದು ಖಾಯ್ ಯಾವ್. ಹೂ ಅರಳುವುದು ಖಾಯ್ ಹ್ವಾ. ಕುದಿಸಿದ ನೀರು ಖಾಯ್ ಶ್ವೇ. ರಾತ್ರಿಯೆಲ್ಲಾ ಎದ್ದು ಓದಿದರೆ ‘ರಾತ್ರಿ ಗಾಡಿ ಖಾಯ್ ಮಾಡಿದೆ’ ಅನ್ನುತ್ತಾರೆ. ಇದರ ಎದುರು ಪದ ‘ಕ್ವಾನ್’. ಬಾಗಿಲು ಮುಚ್ಚುವುದಕ್ಕೂ ಅದೇ, ಲೈಟ್ ಆರಿಸುವುದಕ್ಕೂ ಅದೇ. ‘ಕ್ಲೋಸ್ ದ ಲೈಟ್’ ಹುಟ್ಟುವುದು ಅಲ್ಲಿ.

ಉಚ್ಚಾರದ ಬಗ್ಗೆ ಒಂದು ಮಾತು. ನಾವು ದಿನದ ಮಾತಿನಲ್ಲಿ ಮಹಾಪ್ರಾಣ ನುಂಗುತ್ತೇವಲ್ಲ, ಇಲ್ಲಿ ಹಾಗೆ ಮಾಡಬೇಡಿ. ‘ಖಾಯ್’ ಬದಲು ‘ಕಾಯ್’ ಅಂದರೆ ‘ಮಾಡಬೇಕು’ ಅನ್ನುವ ಬೇರೆಯೇ ಪದ ಆಗುತ್ತದೆ.

ಇಷ್ಟೆಲ್ಲಾ ಒಂದೇ ಪದಕ್ಕಾ ಅಂತ ನಗು ಬಂದರೆ, ನಮ್ಮ ‘ಹಾಕು’ ನೆನಪಿಸಿಕೊಳ್ಳಿ. ಲೈಟ್ ಹಾಕು ಅಂದರೆ ಉರಿಯಬೇಕು. ಬಾಗಿಲು ಹಾಕು ಅಂದರೆ ಮುಚ್ಚಬೇಕು. ಅಂಗಿ ಹಾಕು, ಬೀಗ ಹಾಕು, ಅರ್ಜಿ ಹಾಕು, ದನಕ್ಕೆ ಹುಲ್ಲು ಹಾಕು. ಕನ್ನಡ ಕಲಿಯುವವನೊಬ್ಬ ನೋಟ್‌ಬುಕ್ಕಿನಲ್ಲಿ ‘ಹಾಕು ಅಂದರೆ ಪುಟ್’ ಅಂತ ಬರೆದುಕೊಂಡರೆ ಅವನ ಗತಿ ಏನು? ನಮ್ಮ ಮಕ್ಕಳು ‘ಪುಟ್ ದ ಫ್ಯಾನ್’ ಅನ್ನುವುದೂ ಇಲ್ಲಿಂದಲೇ. ಹುಬ್ಬಳ್ಳಿ ಕಡೆ ಲೈಟನ್ನು, ಟೀವಿಯನ್ನು ‘ಹಚ್ಚು’ತ್ತಾರೆ, ಅವರ ಕಷ್ಟ ಇನ್ನೊಂದು ಬಗೆಯದು. ಈ ಉದಾಹರಣೆಯನ್ನು ಕಲಿಯುವವರಿಗೂ ಹೇಳಿ. ಮೇಷ್ಟರ ಭಾಷೆಯಲ್ಲೂ ಇದೇ ಗೋಜಲಿದೆ ಅಂತ ಗೊತ್ತಾದರೆ ಅವರ ನಾಚಿಕೆ ಅರ್ಧ ಇಳಿಯುತ್ತದೆ.

## ಹಂತ 2: ಪಟ್ಟಿಯನ್ನು ಅವರಿಂದಲೇ ಬರೆಸಿ

‘ನಿನ್ನ ಭಾಷೆಯಲ್ಲಿ ಏನೇನನ್ನು ಖಾಯ್ ಮಾಡುತ್ತಾರೆ?’ ಅಂತ ಕೇಳಿ, ಒಂದು ಚೀಟಿಗೆ ಒಂದು ವಸ್ತುವಿನಂತೆ ಬರೆಸಿ. ಬರೀ ನಾಮಪದ: ಬಾಗಿಲು, ಟೀವಿ, ಕಾರು, ಅಂಗಡಿ, ಬ್ಯಾಂಕ್ ಖಾತೆ, ಎ.ಸಿ., ಮೀಟಿಂಗ್, ರಸೀದಿ, ಬಾಟಲಿ. ಹತ್ತು ನಿಮಿಷ ಕೊಟ್ಟರೆ ಇಪ್ಪತ್ತೈದು ಚೀಟಿ ಸಲೀಸಾಗಿ ಆಗುತ್ತವೆ. ಇಂಗ್ಲಿಷ್ ಕ್ರಿಯಾಪದ ಇನ್ನೂ ಬಾಯಿಗೆ ಬರಬಾರದು.

ಇಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು ಮೇಷ್ಟರದ್ದೇ. ಬೋರ್ಡಿನ ಮೇಲೆ ‘ಓಪನ್’ ಬರೆದು ಪಕ್ಕದಲ್ಲಿ ‘ಖಾಯ್’ ಅಂತ ಬರೆಯುವುದು. ಅಲ್ಲಿಗೆ ಎರಡೂ ಸಮ ಅಂತ ಮುದ್ರೆ ಒತ್ತಿದ ಹಾಗಾಯಿತು. ಆಮೇಲೆ ನೀವು ಹೇಳುವ ಪ್ರತಿ ವ್ಯತ್ಯಾಸವೂ ‘ಇಂಗ್ಲಿಷಿನ ಹುಚ್ಚಾಟ’ ಅನಿಸುತ್ತದೆ.

ಇನ್ನೊಂದು ತಪ್ಪು: ‘ವಾಪಸ್ ಚೀನೀಗೆ ಅನುವಾದ ಮಾಡಿ ನೋಡು’ ಅನ್ನುವುದು. ಇದು ಪೂರಾ ವ್ಯರ್ಥ. ‘ಓಪನ್ ದ ಟೀವಿ’ ಅನ್ನುವ ತಪ್ಪು ವಾಕ್ಯ ಚೀನೀಗೆ ಹೋದ ತಕ್ಷಣ ಚೊಕ್ಕ ವಾಕ್ಯ ಆಗಿಬಿಡುತ್ತದೆ. ನಿಘಂಟಿನಲ್ಲಿ ‘ಓಪನ್’ ಎದುರು ಕಾಣುವ ‘ತಾಖಾಯ್’ ಕೂಡ ಬಾಗಿಲಿಗೂ ಟೀವಿಗೂ ನಡೆಯುವ ಪದವೇ. ತಪ್ಪು ಅಡಗಿ ಕೂರುವ ಜಾಗದಲ್ಲೇ ತಪ್ಪು ಹುಡುಕಿದರೆ ಸಿಗುತ್ತದಾ?

## ಹಂತ 3: ಮೂರು ಡಬ್ಬಿ, ಎರಡು ಪ್ರಶ್ನೆ

ಈಗ ಚೀಟಿಗಳನ್ನು ಡಬ್ಬಿಗಳಿಗೆ ಹಂಚಬೇಕು. ಜಾಸ್ತಿ ಹೊತ್ತು ಹಿಡಿಯುವುದು ಇಲ್ಲೇ, ಹಿಡಿಯಲಿ ಬಿಡಿ. ಒಂದು ಇಡೀ ತರಗತಿ ಇದಕ್ಕೇ ಹೋದರೂ ನಷ್ಟ ಇಲ್ಲ.

ಮೊದಲ ಪ್ರಶ್ನೆ: ‘ಈ ಕೆಲಸ ಮಾಡಿದ ಮೇಲೆ ಒಳಗೆ ಏನಾದರೂ ಹೋಗಬಹುದಾ?’ ಬಾಗಿಲಿನೊಳಗೆ ಮನುಷ್ಯ ಹೋಗಬಹುದು. ಬಾಟಲಿಯೊಳಗೆ ಸ್ಟ್ರಾ ಹೋಗಬಹುದು. ಪುಸ್ತಕದೊಳಗೆ, ಕಂಪ್ಯೂಟರ್ ಫೈಲಿನೊಳಗೆ ಕಣ್ಣು ಹೋಗಬಹುದು. ಅಂಗಡಿಯೊಳಗೆ ಗಿರಾಕಿ, ಬ್ಯಾಂಕ್ ಖಾತೆಯೊಳಗೆ ದುಡ್ಡು. ಹೌದು ಅಂತ ಬಂದರೆ ಅದು ‘ಓಪನ್’ ಡಬ್ಬಿಗೆ.

ಇಲ್ಲ ಅಂತ ಬಂದರೆ ಎರಡನೇ ಪ್ರಶ್ನೆ: ‘ಏನಾದರೂ ಹರಿಯಲು ಶುರುವಾಯಿತಾ?’ ಲೈಟು, ಫ್ಯಾನು, ಎ.ಸಿ., ಟೀವಿಯಲ್ಲಿ ಕರೆಂಟು. ನಲ್ಲಿಯಲ್ಲಿ ನೀರು. ಒಲೆಯಲ್ಲಿ ಗ್ಯಾಸು. ಇವೆಲ್ಲಾ ‘ಟರ್ನ್ ಆನ್’ ಡಬ್ಬಿಗೆ. ನಮ್ಮಲ್ಲಿ ‘ಸ್ವಿಚ್ ಆನ್’ ರೂಢಿ ಜಾಸ್ತಿ. ಆದರೆ ಅದು ಕರೆಂಟಿನ ಸಾಮಾನಿಗೆ ಮಾತ್ರ ಸರಿ, ನಲ್ಲಿಗೆ ಕೂರುವುದಿಲ್ಲ. ಹೊಸಬರಿಗೆ ‘ಟರ್ನ್ ಆನ್’ ಒಂದೇ ಸಾಕು.

ಎರಡಕ್ಕೂ ಇಲ್ಲ ಅಂತ ಬಂದರೆ ಮೂರನೇ ಡಬ್ಬಿ. ಅದರೊಳಗಿನ ಒಂದೊಂದು ಚೀಟಿಗೂ ಅದರದ್ದೇ ಕ್ರಿಯಾಪದ. ಕಾರನ್ನು ‘ಡ್ರೈವ್’ ಮಾಡುತ್ತೇವೆ. ‘ಓಪನ್ ದ ಕಾರ್’ ಅಂದರೆ ಕೇಳಿದವನು ಕಾರಿನ ಬಾಗಿಲು ತೆಗೆಯುತ್ತಾನೆ. ಮೀಟಿಂಗಿಗೆ ‘ಹೋಲ್ಡ್’ ಅಥವಾ ‘ಹ್ಯಾವ್’. ‘ಐ ಆಮ್ ಓಪನಿಂಗ್ ಎ ಮೀಟಿಂಗ್’ ಅಂತ ಮೆಸೇಜ್ ಬಂದರೆ ಅವರು ಮೀಟಿಂಗಿನಲ್ಲಿ ಇದ್ದಾರೆ ಅಂತ ಅರ್ಥ, ‘ಐ ಆಮ್ ಇನ್ ಎ ಮೀಟಿಂಗ್’ ಅಂತ ತಿದ್ದಿ. ಔಷಧಿಗೆ ‘ಪ್ರಿಸ್ಕ್ರೈಬ್’, ರಸೀದಿಗೆ ‘ಇಶ್ಯೂ’, ತಮಾಷೆಗೆ ‘ಮೇಕ್’. ನೀರು ಕುದಿಯಿತು ಅನ್ನುವುದಕ್ಕೆ ‘ದ ವಾಟರ್ ಈಸ್ ಓಪನ್’ ಅಂದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಅಲ್ಲಿ ‘ಬಾಯ್ಲಿಂಗ್’.

ಕೆಲವು ಚೀಟಿಗಳು ಜಗಳಕ್ಕೆ ನಿಲ್ಲುತ್ತವೆ. ಲ್ಯಾಪ್‌ಟಾಪ್ ನೋಡಿ. ‘ಓಪನ್ ದ ಲ್ಯಾಪ್‌ಟಾಪ್’ ಅಂದರೆ ಮುಚ್ಚಳ ಎತ್ತುವುದು, ‘ಟರ್ನ್ ಆನ್’ ಅಂದರೆ ಚಾಲೂ ಮಾಡುವುದು. ಎರಡೂ ಸರಿ, ಕೆಲಸ ಬೇರೆ ಬೇರೆ. ಇದನ್ನು ಕೈಯಲ್ಲಿ ಮಾಡಿ ತೋರಿಸಿ. ಇಡೀ ಪಾಠ ಒಂದೇ ವಸ್ತುವಿನಲ್ಲಿ ಸಿಕ್ಕಿಬಿಡುತ್ತದೆ. ಡೆಸ್ಕ್‌ಟಾಪನ್ನು ‘ಓಪನ್’ ಮಾಡಿದೆ ಅಂದರೆ ಸ್ಕ್ರೂಡ್ರೈವರ್ ತಗೊಂಡು ಬಿಚ್ಚಿದೆ ಅನ್ನುವ ಹಾಗೆ ಕೇಳುತ್ತದೆ. ಹೂವಿಗೆ ‘ಓಪನ್’ ನಡೆಯುತ್ತದೆ, ದಳ ಬಿಚ್ಚಿಕೊಳ್ಳುತ್ತದಲ್ಲ. ಅಂಗಡಿ ‘ಓಪನ್’ ಮಾಡಬಹುದು, ಕಂಪನಿಗೆ ‘ಸ್ಟಾರ್ಟ್’ ವಾಸಿ.

ನಿಘಂಟು ತೆಗೆಯಬೇಕಾದ್ದು ಈಗ. ಜಗಳದ ಚೀಟಿಗಳನ್ನು ಮಾತ್ರ ಅದರಲ್ಲಿ ನೋಡಲಿ. ವಿವರಣೆ ಓದುವುದು ಬೇಡ, ಉದಾಹರಣೆ ವಾಕ್ಯ ಓದಲಿ.

## ಹಂತ 4: ‘ಟರ್ನ್ ಇಟ್ ಆನ್’ ಬಾಯಿಗೆ ಕೂರಿಸಿ

ಡಬ್ಬಿ ಸರಿಯಾದ ಮೇಲೂ ವಾಕ್ಯ ಕೆಡುವುದು ಎರಡು ಕಡೆ. ‘ಟರ್ನ್ ಆನ್ ಇಟ್’ ಅನ್ನುತ್ತಾರೆ. ‘ಇಟ್’ ಯಾವಾಗಲೂ ನಡುವೆ ಬರಬೇಕು. ‘ದ ಲೈಟ್’ ಆದರೆ ನಡುವೆಯೂ ಆದೀತು, ಕೊನೆಗೂ ಆದೀತು.

ಎರಡನೆಯದು, ‘ಇಟ್’ ಅನ್ನೇ ಬಿಟ್ಟು ‘ಪ್ಲೀಸ್ ಟರ್ನ್ ಆನ್’ ಅಂತ ನಿಲ್ಲಿಸುವುದು. ಚೀನೀಯಲ್ಲಿ ಯಾವುದರ ಮಾತು ಅಂತ ಗೊತ್ತಿದ್ದರೆ ಅದನ್ನು ಹೇಳಬೇಕಾಗಿಲ್ಲ. ನಾವೂ ‘ಸ್ವಲ್ಪ ಆನ್ ಮಾಡಿ’ ಅಂತ ಅಷ್ಟಕ್ಕೇ ಬಿಡುತ್ತೇವೆ ಅಲ್ವಾ? ಇಂಗ್ಲಿಷಿಗೆ ಆ ಪುಟ್ಟ ‘ಇಟ್’ ಬೇಕೇ ಬೇಕು. ಸ್ವಿಚ್ಚಿನ ಮುಂದೆ ನಿಲ್ಲಿಸಿ ‘ಟರ್ನ್ ಇಟ್ ಆನ್, ಟರ್ನ್ ಇಟ್ ಆಫ್’ ಅಂತ ಇಪ್ಪತ್ತು ಸಲ ಹೇಳಿಸುತ್ತಾ ಲೈಟ್ ಹಾಕಿಸಿ, ಆರಿಸಿ. ಮಕ್ಕಳಾಟ ಅನಿಸುತ್ತದೆ. ದೊಡ್ಡವರಿಗೂ ಕೆಲಸ ಮಾಡುತ್ತದೆ.

## ಹಂತ 5: ಓಪನ್, ಓಪನ್ಡ್, ಕ್ಲೋಸ್ಡ್

ಇಲ್ಲಿವರೆಗೂ ಚೆನ್ನಾಗಿ ಬಂದವರು ಎಡವುವುದು ಇಲ್ಲಿ. ‘ದ ಶಾಪ್ ಈಸ್ ಓಪನ್ಡ್’ ಅನ್ನುತ್ತಾರೆ, ‘ದ ಶಾಪ್ ಈಸ್ ಕ್ಲೋಸ್’ ಅನ್ನುತ್ತಾರೆ. ಎರಡೂ ಉಲ್ಟಾ. ಇಂಗ್ಲಿಷಿನದ್ದೇ ಇಲ್ಲಿ ಅಡ್ಡಾದಿಡ್ಡಿ. ತೆರೆದಿರುವ ಸ್ಥಿತಿಗೆ ‘ಓಪನ್’, ಮುಚ್ಚಿರುವ ಸ್ಥಿತಿಗೆ ‘ಕ್ಲೋಸ್ಡ್’. ಒಂದಕ್ಕೆ ಬಾಲ ಇಲ್ಲ, ಇನ್ನೊಂದಕ್ಕೆ ಇದೆ. ಕಾರಣ ಹುಡುಕುತ್ತಾ ಕೂರಬೇಡಿ. ಅಂಗಡಿ ಬಾಗಿಲಿಗೆ ತೂಗುಹಾಕುವ ಬೋರ್ಡು ನೆನಪಿಸಿ: ಒಂದು ಬದಿ ‘ಓಪನ್’, ತಿರುಗಿಸಿದರೆ ‘ಕ್ಲೋಸ್ಡ್’. ಒಂದು ರಟ್ಟಿನಲ್ಲಿ ಅಂಥ ಬೋರ್ಡು ಮಾಡಿಸಿದರೆ ಇನ್ನೂ ಒಳ್ಳೆಯದು.

ಸ್ಥಿತಿ ಯಾವುದು, ನಡೆದದ್ದು ಯಾವುದು ಅನ್ನುವ ಭೇದವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಅದು ಅವರ ಭಾಷೆಯಲ್ಲೇ ಇದೆ. ಬಾಗಿಲು ತೆರೆದುಕೊಂಡಿದೆ ಅನ್ನುವುದಕ್ಕೆ ‘ಖಾಯ್-ಚ’, ತೆರೆಯಿತು ಅನ್ನುವುದಕ್ಕೆ ‘ಖಾಯ್-ಲ’. ‘ಖಾಯ್-ಚ ಆದರೆ ಈಸ್ ಓಪನ್, ಖಾಯ್-ಲ ಆದರೆ ಓಪನ್ಡ್’ ಅಂತ ಹೇಳಿ ನೋಡಿ, ಮುಖ ಅರಳುತ್ತದೆ. ಇಡೀ ಪಾಠದಲ್ಲಿ ಇಂಗ್ಲಿಷ್ ಪದದ ಪಕ್ಕ ಚೀನೀ ಪದವನ್ನು ನೀವಾಗಿ ಇಡಬೇಕಾದ ಜಾಗ ಇದೊಂದೇ.

ಆಮೇಲೆ ಉಳಿಯುವುದು ನಾಲಿಗೆಯ ತೊಂದರೆ. ಮ್ಯಾಂಡರಿನ್ ಭಾಷೆಯಲ್ಲಿ ಪದದ ತುಂಡುಗಳು ಸ್ವರದಲ್ಲಿ ಮುಗಿಯುತ್ತವೆ, ಇಲ್ಲವೇ ‘ನ್’, ‘ಙ್’ ಅಥವಾ ‘ರ್’ ಸದ್ದಿನಲ್ಲಿ. ಕೊನೆಗೆ ‘ಡ್’ ಇರುವ ಅಭ್ಯಾಸವೇ ಇಲ್ಲ. ಹಾಗಾಗಿ ಬರೆಯುವಾಗ ‘ಕ್ಲೋಸ್ಡ್’ ಅಂತ ಸರಿಯಾಗಿ ಬರೆದವರೂ ಓದುವಾಗ ‘ಕ್ಲೋಸ್’ ಅನ್ನುತ್ತಾರೆ. ನಾವು ಇದಕ್ಕೆ ವಿರುದ್ಧ, ಕೊನೆಗೊಂದು ಉಕಾರ ಅಂಟಿಸಿ ‘ಬಸ್ಸು, ಕಾರು’ ಮಾಡಿಕೊಂಡವರು.

ಇದಕ್ಕೊಂದು ಉಪಾಯ ಇದೆ. ಮುಂದಿನ ಪದ ಸ್ವರದಿಂದ ಶುರುವಾಗುವ ವಾಕ್ಯಗಳನ್ನೇ ಮೊದಲು ಕೊಡಿ. ‘ಓಪನ್ಡ್ ಇಟ್’ ಅನ್ನುವುದನ್ನು ‘ಓಪನ್-ಡಿಟ್’ ಅಂತ ಒಡೆದು ಹೇಳಿಸಿ. ‘ಟರ್ನ್ಡ್ ಇಟ್ ಆನ್’ ಅನ್ನುವುದು ‘ಟರ್ನ್-ಡಿಟ್-ಆನ್’. ‘ಡ್’ ಮುಂದಿನ ಪದದ ತಲೆಗೆ ಹೋದ ಕೂಡಲೇ ಅವರಿಗೆ ಸುಲಭ. ಒಂದು ವಾರ ಹೀಗೆ ನಡೆಸಿ, ಆಮೇಲೆ ‘ಈಸ್ ಕ್ಲೋಸ್ಡ್’ ಅಂತ ಕೊನೆಗೆ ನಿಲ್ಲುವ ವಾಕ್ಯಕ್ಕೆ ಬನ್ನಿ. ಮೊದಲ ದಿನವೇ ‘ಡ್ ಹೇಳು, ಡ್ ಹೇಳು’ ಅಂತ ಪೀಡಿಸಿದರೆ ‘ಕ್ಲೋಸ್ಡ’ ಅಂತ ಕೊನೆಗೊಂದು ಸ್ವರ ಸೇರಿಸಿಕೊಳ್ಳುತ್ತಾರೆ. ಅದನ್ನು ಬಿಡಿಸುವುದು ಇನ್ನೂ ಕಷ್ಟ.

## ಹಂತ 6: ಕರೆಂಟಿನ ಕೆಲಸದವರಿದ್ದರೆ ಇದನ್ನು ಬಿಡಲೇಬೇಡಿ

ಉಳಿದ ತಪ್ಪುಗಳಿಗೆ ನಗಬಹುದು, ಇದಕ್ಕೆ ಆಗುವುದಿಲ್ಲ. ಎಲೆಕ್ಟ್ರಿಕಲ್ ಇಂಗ್ಲಿಷಿನಲ್ಲಿ ಸರ್ಕಿಟ್ ‘ಓಪನ್’ ಅಂದರೆ ದಾರಿ ಕಡಿದಿದೆ, ಕರೆಂಟ್ ಹರಿಯುತ್ತಿಲ್ಲ ಅಂತ. ‘ಕ್ಲೋಸ್ಡ್’ ಅಂದರೆ ಹರಿಯುತ್ತಿದೆ. ಬ್ರೇಕರ್ (ಲೈನಿನ ಕರೆಂಟನ್ನು ಕಡಿಯುವ ಸ್ವಿಚ್ಚು) ‘ಓಪನ್’ ಅಂದರೆ ಸಂಪರ್ಕ ತಪ್ಪಿಸಲಾಗಿದೆ. ಚೀನಾದ ಸ್ವಿಚ್ಚುಗಳ ಮೇಲೆ ‘ಖಾಯ್’ ಅಂತ ಬರೆದಿದ್ದರೆ ಅದು ಆನ್, ‘ಕ್ವಾನ್’ ಅಂದರೆ ಆಫ್. ಈಗ ಆ ಕಡೆಯವರು ‘ಐ ಓಪನ್ಡ್ ದ ಸ್ವಿಚ್’ ಅಂತ ಮೆಸೇಜ್ ಹಾಕಿದರೆ ಲೈನಿನಲ್ಲಿ ಕರೆಂಟ್ ಇದೆಯೋ ಇಲ್ಲವೋ? ಆ ವಾಕ್ಯದಿಂದ ಹೇಳಲು ಬರುವುದಿಲ್ಲ.

ವಾಲ್ವ್ ಸೇರಿದರೆ ಇನ್ನೂ ಗೊಂದಲ. ವಾಲ್ವ್ ‘ಓಪನ್’ ಆದರೆ ನೀರು ಹರಿಯುತ್ತದೆ, ಸ್ವಿಚ್ ‘ಓಪನ್’ ಆದರೆ ಕರೆಂಟ್ ನಿಲ್ಲುತ್ತದೆ. ಒಂದೇ ಪುಟದಲ್ಲಿ ಎರಡೂ ಬರಬಹುದು.

ಆದ್ದರಿಂದ ಒಂದು ಕಟ್ಟುನಿಟ್ಟು ಮಾಡಿಕೊಳ್ಳಿ. ವಿದ್ಯುತ್ ವಿಷಯದಲ್ಲಿ ಬರೀ ‘ಓಪನ್’, ‘ಕ್ಲೋಸ್’ ಬರೆಯುವ ಹಾಗಿಲ್ಲ. ‘ಪವರ್ ಈಸ್ ಆನ್’, ‘ಪವರ್ ಈಸ್ ಆಫ್’ ಅಂತ ಕರೆಂಟಿನ ಹೆಸರು ಹಿಡಿದೇ ಬರೆಯಬೇಕು. ಚೀನಾದ ಎಲೆಕ್ಟ್ರಿಷಿಯನ್ನುಗಳಿಗೆ ತಮ್ಮಲ್ಲೇ ಖಚಿತವಾದ ಪದಗಳಿವೆ: ಬ್ರೇಕರ್ ಸೇರಿಸುವುದು ‘ಹ-ಚಾ’, ಬಿಡಿಸುವುದು ‘ಫನ್-ಚಾ’. ಅನುಮಾನ ಬಂದರೆ ಆ ಪದದಲ್ಲೇ ಕೇಳಿ. ಏನೇ ಉತ್ತರ ಬರಲಿ, ಟೆಸ್ಟರ್ ಇಟ್ಟು ನೋಡದೆ ತಂತಿ ಮುಟ್ಟಬಾರದು.

## ಹಂತ 7: ಪರೀಕ್ಷೆ, ಮತ್ತೆ ಎಚ್ಚರಿಕೆಯ ಗುರುತುಗಳು

ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಪತ್ರಿಕೆ ಬೇಡ. ಅದರಲ್ಲಿ ಎಲ್ಲರೂ ಪಾಸಾಗುತ್ತಾರೆ. ಒಂದು ಸನ್ನಿವೇಶ ಕೊಡಿ: ‘ಈ ಕೋಣೆಯಲ್ಲಿ ಸಿನಿಮಾ ನೋಡಬೇಕು. ಏನೇನು ಮಾಡಬೇಕು, ನನಗೆ ಹೇಳು, ನಾನು ಮಾಡುತ್ತೇನೆ.’ ಪರದೆ, ಕಿಟಕಿ, ಲೈಟು, ಎ.ಸಿ., ಪ್ರೊಜೆಕ್ಟರು, ಲ್ಯಾಪ್‌ಟಾಪು, ಚಿಪ್ಸ್ ಪ್ಯಾಕೆಟ್ಟು, ಎಲ್ಲಾ ತಾನಾಗಿ ಬರುತ್ತವೆ. ಹೇಳಿದ್ದನ್ನು ಅಕ್ಷರಶಃ ಮಾಡಿ. ‘ಓಪನ್ ದ ಪ್ರೊಜೆಕ್ಟರ್’ ಅಂದರೆ ಸ್ಕ್ರೂಡ್ರೈವರ್ ಹುಡುಕಲು ಹೊರಡಿ. ಪಾಠ ಮುಗಿದ ಮರುದಿನ ಒಮ್ಮೆ, ವಾರದ ಮೇಲೆ ಒಮ್ಮೆ, ಮೂರು ವಾರದ ಮೇಲೆ ಮತ್ತೊಮ್ಮೆ ಇದೇ ಆಟ ಆಡಿ.

ಈ ಗುರುತುಗಳು ಕಂಡರೆ ಹಿಂದಿನ ಹಂತಕ್ಕೆ ಹೋಗಬೇಕು:

‘ಟರ್ನ್ ಆನ್ ದ ವಿಂಡೋ’ ಅಂದರೆ ತಿದ್ದಿದ್ದು ಅತಿಯಾಗಿದೆ. ‘ಓಪನ್’ ಅಂದರೇ ತಪ್ಪು ಅಂತ ಹೆದರಿದ್ದಾರೆ. ಮೂರನೇ ಹಂತಕ್ಕೆ ಹೋಗಿ, ಈ ಸಲ ‘ಓಪನ್’ ಡಬ್ಬಿಯನ್ನೇ ಜಾಸ್ತಿ ಆಡಿಸಿ.

ಪದ ತಪ್ಪಿಸಿಕೊಂಡು ‘ಲೈಟ್, ಪ್ಲೀಸ್’ ಅಂತ ಕೈ ತೋರಿಸುತ್ತಿದ್ದರೆ ನೀವು ಮಾತಿನ ನಡುವೆ ತಿದ್ದಿದ್ದು ಹೆಚ್ಚಾಗಿದೆ. ಎರಡು ವಾರ ಬಾಯಿ ಮುಚ್ಚಿಕೊಂಡಿರಿ. ತಪ್ಪುಗಳನ್ನು ಬರೆದಿಟ್ಟುಕೊಂಡು ಕೊನೆಯ ಐದು ನಿಮಿಷದಲ್ಲಿ ಹೇಳಿ.

ಬರೆಯುವಾಗ ಸರಿ, ಮಾತಿನಲ್ಲಿ ತಪ್ಪು ಅಂತಾದರೆ ನಾಲ್ಕನೇ ಹಂತದ ಸ್ವಿಚ್ಚಿನ ಆಟ ಸಾಲದಾಗಿದೆ. ಇದಕ್ಕೆ ಓದು ಮದ್ದಲ್ಲ.

## ಎಲ್ಲಿ ತಿದ್ದಬಾರದು

ಸಿಂಗಪುರದ ಮನೆಮಾತಿನ ಇಂಗ್ಲಿಷಿನಲ್ಲಿ ‘ಓಪನ್ ದ ಲೈಟ್’ ದಿನಬಳಕೆಯ ಮಾತು. ಅಲ್ಲಿನ ಮಲಯ ಭಾಷೆಯಲ್ಲೂ ಲೈಟನ್ನು ‘ಬುಕಾ’, ಅಂದರೆ ಓಪನ್, ಮಾಡುವುದೇ ರೂಢಿ. ಫಿಲಿಪ್ಪೀನ್ಸಿನಲ್ಲೂ ಹೀಗೇ ಹೇಳುವುದನ್ನು ಕೇಳುತ್ತೀರಿ. ಪಾಠ ಕೇಳಲು ಬಂದವರಿಗೆ ಪರೀಕ್ಷೆ, ಸಂದರ್ಶನ, ಆಫೀಸ್ ಇಮೇಲ್ ಇದ್ದರೆ ಮೇಲಿನ ಏಳು ಹಂತ ಮಾಡಿಸಿ. ಪಕ್ಕದ ಮನೆಯ ಅಜ್ಜಿ ಹೇಳಿದರೆ ಎದ್ದು ಲೈಟ್ ಹಾಕಿ, ಅಷ್ಟೆ.